ಬೊನಿಫಾಸ್ ರೊಸಾರಿಯೊ ಫಿಲಿಪಿನೋ ಆದದ್ದು

ಕರಾವಳಿಯ ಶಿರ್ವದ ಬೊನಿಫಾಸ್ ರೊಸಾರಿಯೊ ಅಮೆರಿಕಕ್ಕೆ ಬಂದ ಮರುವರ್ಷ ಫಿಲಿಪಿನೋ ಆದ. ಅದಕ್ಕಾಗಿ ಅವನು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಲಿಲ್ಲ, ಯಾವ ವಕೀಲನನ್ನೂ ಕಾಣಲಿಲ್ಲ. ಒಂದು ಸಾನ್ನ ತಿಂದ, ಅಷ್ಟೆ. ಗ್ರೀನ್ ಕಾರ್ಡಿಗಾಗಿ ಚಾತಕ ಪಕ್ಷಿಗಳ ಹಾಗೆ ಬಾಯಿ ತೆರೆದು ಕೂತಿದ್ದ ನಮ್ಮಂಥವರಿಗೆ, ದೇಶ ಬದಲಾಯಿಸುವುದು ಇಷ್ಟು ಸಲೀಸು ಎಂದು ತೋರಿಸಿಕೊಟ್ಟ ಮಹಾನುಭಾವ ಅವನೊಬ್ಬನೇ.

ಮೇರಿಲ್ಯಾಂಡಿನ ಗೈದರ್ಸ್‌ಬರ್ಗಿನಲ್ಲಿ ನಮ್ಮದೂ ಅವನದೂ ಒಂದೇ ಅಪಾರ್ಟ್‌ಮೆಂಟು. ನಾವು ಮೇಲೆ, ಅವನು ಕೆಳಗೆ. ನಾನು ಮುರಳೀಧರ, ಮೈಸೂರಿನವನು, ಕಂಪ್ಯೂಟರ್ ಕೆಲಸ. ನನ್ನ ಹೆಂಡತಿ ಶ್ರೀಲತಾ ಊರಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಬೊನಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಉದ್ಯೋಗ. ಮೊದಲು ಕುವೈತಿನಲ್ಲಿದ್ದ. ಅಲ್ಲಿ ಯುದ್ಧ ಬಂದು, ಉಟ್ಟ ಬಟ್ಟೆಯಲ್ಲಿ ಊರಿಗೆ ಓಡಿಬಂದ. ಊರಿನಲ್ಲಿ ಸಿಕ್ಕಸಿಕ್ಕವರೆಲ್ಲ "ಇನ್ನು ಎಂತ ಮಾಡ್ತೀ?" ಎಂದು ಕೇಳುವುದನ್ನು ತಾಳಲಾರದೆ, "ಅಮೆರಿಕಕ್ಕೆ ಹೋಗ್ತೇನೆ" ಎಂದು ಬಾಯಿಗೆ ಬಂದದ್ದನ್ನು ಹೇಳಿದ. ಹೇಳಿದ ಮೇಲೆ ಮರ್ಯಾದೆಗಾದರೂ ಹೋಗಬೇಕಾಯಿತು. ತಂಗಿಯರ ಮದುವೆಗಳನ್ನು ಮಾಡುವ ಗಡಿಬಿಡಿಯಲ್ಲಿ ತನ್ನದನ್ನು ಮರೆತಿದ್ದರಿಂದ ಒಬ್ಬನೇ ಬಂದ.

ಅವನನ್ನು ನಾನು ಒಮ್ಮೆ ನಮ್ಮ ಕನ್ನಡ ಸಂಘದ ಯುಗಾದಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಸಂಘದ ಪದಾಧಿಕಾರಿಗಳು ಒಬ್ಬರಾದ ಮೇಲೊಬ್ಬರು ಬಂದು, "ರೊಸಾರಿಯೊ ಅಂತೀರಿ, ಕನ್ನಡ ಎಷ್ಟು ಚೆನ್ನಾಗಿ ಕಲ್ತಿದೀರಿ" ಎಂದು ಅವನ ಬೆನ್ನು ತಟ್ಟಿದರು. ಚಿಕ್ಕಂದಿನಿಂದ ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳಿದ ಮನುಷ್ಯ ಪೆಚ್ಚಾಗಿ ಒಬ್ಬಟ್ಟು ತಿಂದು ಮನೆಗೆ ಬಂದ. ಮತ್ತೆ ಕರೆದಾಗೆಲ್ಲ ಅವನಿಗೆ ಹೊಟ್ಟೆ ಸರಿಯಿರುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಇಗರ್ಜಿಯಿಂದ ನೇರ ನಮ್ಮ ಮನೆಗೆ ಬಂದ. ಕಣ್ಣು ಒದ್ದೆಯಾಗಿತ್ತು.

"ಶ್ರೀಲತಕ್ಕ, ಸಾನ್ನ ತಿಂದು ಬಂದೆ. ಈ ಊರಲ್ಲಿ. ನಮ್ಮ ಸಾನ್ನ" ಎಂದ.

ಸಾನ್ನ ಎಂದರೆ ಅವರ ಕಡೆ ಕಳ್ಳು ಬೆರೆಸಿ ಹುಳಿ ಬರಿಸಿ ಬೇಯಿಸುವ ಅಕ್ಕಿಯ ತಿಂಡಿ, ನಮ್ಮ ಇಡ್ಲಿಯ ಸೋದರತ್ತೆಯ ಮಗಳು. ಪ್ರಾರ್ಥನೆ ಮುಗಿದ ಮೇಲೆ ಇಗರ್ಜಿಯ ನೆಲಮಾಳಿಗೆಯಲ್ಲಿ ಯಾರೋ ತಿಂಡಿ ಹಂಚುತ್ತಿದ್ದರಂತೆ. ಇವನು ಇಣುಕಿ ನೋಡಿದರೆ ತಟ್ಟೆಯ ತುಂಬ ಬಿಳಿಯ ಸಾನ್ನ, ಮೇಲೆ ತೆಂಗಿನ ತುರಿ. ಅವರು ಅದನ್ನು ಪುತೋ ಎನ್ನುತ್ತಿದ್ದರು. ಹೆಸರು ಏನಾದರೇನು, ಬಾಯಿಗೆ ಗೊತ್ತಾಗುವುದಿಲ್ಲವೆ? ಒಂದನ್ನು ಬಾಯಿಗಿಟ್ಟದ್ದೇ ತಡ, ನರ್ಸ್ ಉಡುಪಿನ ಹೆಂಗಸೊಬ್ಬಳು ಬಂದು ನಗುತ್ತಾ ಕೇಳಿದಳು.

"ನನ್ನ ಹೆಸರನ್ನೇ ಕೇಳಿದ್ದು, ಮುರಳಿಯವ್ರೆ. 'ಬೊನಿ?' ಅಂತ. ನನಗೆ ಮೈ ಜುಂ ಅಂತು. ಸಮುದ್ರ ದಾಟಿ ಇಷ್ಟು ದೂರ ಬಂದ್ರೂ ಹೆಸರು ಹಿಡಿದು ಕರೀತಾರಲ್ಲ. ಹೌದು ಹೌದು, ಬೊನಿ, ಬೊನಿಫಾಸ್ ರೊಸಾರಿಯೊ ಅಂದೆ. ಎಲ್ಲರೂ ಬಂದು ತಬ್ಬಿಕೊಂಡ್ರು. ಎಂತ ಜನ ಮಾರಾಯ್ರೆ."

ಶ್ರೀಲತಾ ಸೌಟು ಹಿಡಿದುಕೊಂಡೇ ಅಡಿಗೆಮನೆಯಿಂದ ಹೊರಗೆ ಬಂದಳು. "ಬೊನಿಯವ್ರೇ, ಸರಿಯಾಗಿ ನೆನಪು ಮಾಡ್ಕೊಳ್ಳಿ. ಬೊನಿ ಅಂದ್ರೋ, ಪಿನೋಯ್ ಅಂದ್ರೋ?"

"ಪಿನೋಯ್... ಇರಬಹುದು. ಸಾನ್ನ ಬಾಯಲ್ಲಿತ್ತಲ್ಲ, ಕಿವಿ ಸರಿ ಕೇಳ್ಲಿಲ್ಲ."

"ಪಿನೋಯ್ ಅಂದ್ರೆ ಫಿಲಿಪಿನೋ ಅಂತ. ನಮ್ಮ ಲೈಬ್ರರಿಯಲ್ಲಿ ಒಬ್ಬರಿದಾರೆ, ಹಾಗೇ ಹೇಳ್ಕೋತಾರೆ. ನೀವು ಫಿಲಿಪೀನ್ಸಿನವರಾ ಅಂತ ಅವರು ಕೇಳಿದ್ದು. ನೀವು ಹೌದು ಹೌದು ಅಂದು ಬಂದಿದೀರಿ."

ತಪ್ಪು ಅವನೊಬ್ಬನದೇ ಎಂದು ನಾನು ಹೇಳಲಾರೆ. ಒಂದು ಕಾಲದಲ್ಲಿ ಪೋರ್ಚುಗೀಸರು ಇವನ ಹಿರಿಯರಿಗೂ, ಸ್ಪೇನಿನವರು ಅವರ ಹಿರಿಯರಿಗೂ ಒಂದೇ ಅಂಗಡಿಯಲ್ಲಿ ಕೊಂಡಂಥ ಹೆಸರುಗಳನ್ನು ಇಟ್ಟುಬಿಟ್ಟಿದ್ದರು. ರೊಸಾರಿಯೊ ಎಂಬುವರು ಅಲ್ಲಿ ಬೀದಿಗೊಬ್ಬರು. ಬೊನಿಫಾಸಿಯೊ ಎಂದರಂತೂ ಅವರ ಸ್ವಾತಂತ್ರ್ಯ ಹೋರಾಟದ ವೀರನ ಹೆಸರು. ಮೈಬಣ್ಣವೂ ಅದೇ, ಮೊಣಕಾಲಿನವರೆಗೆ ಪ್ಯಾಂಟು ಮಡಚಿ ಸಮುದ್ರ ನೋಡುವ ಗತ್ತೂ ಅದೇ.

"ಈಗ್ಲೇ ಹೋಗಿ ಹೇಳ್ಬಿಡಿ" ಎಂದೆ.

"ಹೇಗೆ ಹೇಳುದು? ಅವರು ಕಟ್ಟಿ ಕೊಟ್ಟ ಡಬ್ಬಿ ನನ್ನ ಫ್ರಿಜ್ಜಲ್ಲುಂಟು."

"ಡಬ್ಬಿ ವಾಪಸು ಕೊಡಿ."

"ಖಾಲಿ ಡಬ್ಬಿ ಹೇಗೆ ಕೊಡುದು?" ಎಂದ ಬೊನಿ. ಅದು ತುಂಬಿದ ಡಬ್ಬಿಯಾಗಿದ್ದರೂ, ವಾಪಸು ಕೊಡುವ ಹೊತ್ತಿಗೆ ಖಾಲಿಯಾಗಿರುತ್ತದೆಂದು ಅವನಿಗೆ ತನ್ನ ಮೇಲೆ ಪೂರ್ಣ ನಂಬಿಕೆಯಿತ್ತು.

ಮುಂದಿನ ಭಾನುವಾರ ಹೇಳುತ್ತೇನೆಂದು ಹೋದ. ಅಂದು ಮೀನಿನ ಹುಳಿ ಇತ್ತು, ಹೇಳಲಾಗಲಿಲ್ಲ. ಅದರ ಮುಂದಿನ ವಾರ ಯಾರದೋ ಹುಟ್ಟುಹಬ್ಬ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ತತ್ವವನ್ನು ಹಿಡಿದುಕೊಂಡು ಬೊನಿ ವಾರ ವಾರವೂ ಉಣ್ಣುತ್ತಾ ಹೋದ.

ಇವನಿಗೆ ಅವರ ಭಾಷೆಯ ಗಂಧಗಾಳಿಯೂ ಇಲ್ಲದಿದ್ದಾಗ ಸಿಕ್ಕಿಬೀಳಲಿಲ್ಲ ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆ ದೇಶದಲ್ಲಿ ಏಳು ಸಾವಿರ ದ್ವೀಪಗಳಿವೆಯಂತೆ. ಇವನು ತಪ್ಪಿ ಕೊಂಕಣಿ ಆಡಿದರೆ ಉತ್ತರದವರು ಅದನ್ನು ದಕ್ಷಿಣದ ಭಾಷೆ ಎಂದುಕೊಂಡರು, ದಕ್ಷಿಣದವರು ಉತ್ತರದ್ದು ಎಂದುಕೊಂಡರು. ಸಂಶಯ ಬಂದವರು ಮಾಂಗ್ ಎರ್ನಿಯನ್ನು ಕೇಳುತ್ತಿದ್ದರು. ಮಾಂಗ್ ಎಂದರೆ ನಮ್ಮ ಅಣ್ಣ ಎಂಬ ಹಾಗೆ. ಈ ಎರ್ನಿಯಣ್ಣ ಅಮೆರಿಕದ ನೌಕಾದಳದಲ್ಲಿ ಅಡಿಗೆ ಮಾಡಿ ನಿವೃತ್ತನಾದವನು. ತನ್ನ ದೇಶದ ಪ್ರತಿ ದ್ವೀಪದ ಗಂಜಿಯನ್ನೂ ಕುಡಿದಿದ್ದೇನೆ ಎಂದು ಹೇಳಿಕೊಳ್ಳುವವನು. ಅವನು ಹೇಳಿದ್ದೇ ಶಾಸನ.

ಒಂದು ದಿನ ಬಸ್ಸು ತಪ್ಪಿದ್ದರಿಂದ ಬೊನಿ ಇಗರ್ಜಿಯ ಫೋನಿನಿಂದ ನನಗೆ ಕರೆ ಮಾಡಿದ. "ಮುರಳಿಯವ್ರೆ, ಕರ್ಕೊಂಡು ಹೋಗ್ಲಿಕ್ಕೆ ಬರ್ತೀರಾ? ಚಳಿಗೆ ಮುಖ ಎಲ್ಲ ಒಡ್ದು ಹೋಗಿದೆ. ದಾರಿಯಲ್ಲಿ ಒಂದು ಒಳ್ಳೆ ಸಾಬೂನು ತಕೊಳ್ಳಿಕ್ಕುಂಟು. ಬರ್ತೇನೆ ಅಂತ ಮೊನ್ನೆ ನೀವೇ ಹೇಳಿದ್ದು, ಶ್ರೀಲತಕ್ಕ ಸಾಕ್ಷಿ."

ಪಕ್ಕದಲ್ಲಿ ನಿಂತಿದ್ದ ಎರ್ನಿಯಣ್ಣನ ಕೈಯಿಂದ ಕಾಫಿ ಕಪ್ಪು ಜಾರಿತಂತೆ. ಮುಖ, ಸಾಬೂನು, ಸಾಕ್ಷಿ. ಅವರ ಭಾಷೆಯಲ್ಲೂ ಮುಖಕ್ಕೆ ಮುಖ, ಸಾಬೂನಿಗೆ ಸಬೋನ್, ಸಾಕ್ಷಿಗೆ ಸಕ್ಸಿ. "ಕೇಳಿದಿರಾ? ಇದು ತೀರ ದಕ್ಷಿಣದ ಹಳೆಯ ಭಾಷೆ. ನಮ್ಮದು ಕಲಬೆರಕೆ, ಇವನದು ಶುದ್ಧ" ಎಂದು ಅವನು ಅಲ್ಲೇ ತೀರ್ಪು ಕೊಟ್ಟ. ಕನ್ನಡ ಸಂಘದಲ್ಲಿ ಕನ್ನಡಿಗನಾಗಲಾರದವನು ಫಿಲಿಪಿನೋಗಳಲ್ಲಿ ಕುಲೀನ ಫಿಲಿಪಿನೋ ಆದ, ಅದೂ ಕನ್ನಡ ಆಡಿ.

ನಾವು ಮೊದಲು ನಂಬಲಿಲ್ಲ. ಶ್ರೀಲತಾ ಲೈಬ್ರರಿಯಿಂದ ಅವರ ನಿಘಂಟನ್ನೇ ತಂದಳು. ಮುಖ ಇತ್ತು. ಸಾಕ್ಷಿ ಇತ್ತು. ಗುರು ಎಂದರೆ ಅಲ್ಲಿಯೂ ಮೇಷ್ಟರೇ. ಆಸೆ ಎಂದರೆ ಅಲ್ಲಿಯೂ ಆಸೆಯೇ. ಮೂವರೂ ಪುಟ ತಿರುವುತ್ತಾ, ಒಂದೊಂದು ಸಿಕ್ಕಾಗಲೂ ಮಕ್ಕಳ ಹಾಗೆ ಒಬ್ಬರಿಗೊಬ್ಬರು ತೋರಿಸುತ್ತಾ ಕೂತೆವು. ಸಾರು ಉಕ್ಕಿ ಒಲೆ ಆರಿದ್ದು ಯಾರಿಗೂ ತಿಳಿಯಲಿಲ್ಲ. ನಾವು ವೀಸಾಕ್ಕೆ ಸಾಲಿನಲ್ಲಿ ನಿಲ್ಲುವ ಎಷ್ಟೋ ಕಾಲದ ಹಿಂದೆಯೇ ನಮ್ಮ ಮಾತುಗಳು ಹಾಯಿದೋಣಿ ಹತ್ತಿ, ಆ ದ್ವೀಪಗಳಲ್ಲಿ ಇಳಿದು, ಮನೆ ಮಾಡಿಕೊಂಡಿದ್ದವು. ಯಾರು ಕೊಂಡು ಹೋದರೋ, ಏನು ಮಾರಲು ಹೋದರೋ. ನನಗೆ ಅಂದು ಆದಷ್ಟು ಅಚ್ಚರಿ ವಾಷಿಂಗ್ಟನ್ನಿನ ಯಾವ ಸ್ಮಾರಕದ ಮುಂದೆಯೂ ಆಗಿಲ್ಲ.

ಅಚ್ಚರಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಪಿನೋಯ್ ಎಂದು ಕೇಳಿದ್ದ ನರ್ಸು ಲಿಗಾಯಾ ನಮ್ಮ ಎದುರಿನ ಬ್ಲಾಕಿನಲ್ಲೇ ಇದ್ದಳು. ಗಂಡ ಹಡಗಿನಲ್ಲಿ ಕೆಲಸ, ವರ್ಷದ ಹೆಚ್ಚು ಕಾಲ ನೀರಿನ ಮೇಲೆ. ಇವಳು ಹಗಲು ಒಂದು ಆಸ್ಪತ್ರೆ, ಸಂಜೆ ಇನ್ನೊಂದು ಆಸ್ಪತ್ರೆ. ತೊಟ್ಟಿಲಿನ ಕೂಸನ್ನು ನೋಡಿಕೊಳ್ಳಲು ತಾಯಿಯನ್ನು ಕರೆಸಿಕೊಂಡಿದ್ದಳು. ಆ ಅಜ್ಜಿಯನ್ನು ಎಲ್ಲರೂ ಲೋಲಾ ಎನ್ನುತ್ತಿದ್ದರು, ಅವರಲ್ಲಿ ಅಜ್ಜಿಗೆ ಹಾಗೇ ಹೇಳುವುದು. ಲೋಲಾ ಬಂದದ್ದು ಒಂದು ಪುಟ್ಟ ದ್ವೀಪದಿಂದ, ಆಡುತ್ತಿದ್ದುದು ಆ ದ್ವೀಪದ ಭಾಷೆ. ಮಗಳನ್ನು ಬಿಟ್ಟರೆ ಮೇರಿಲ್ಯಾಂಡಿನಲ್ಲಿ ಅದನ್ನು ಬಲ್ಲವರಿಲ್ಲ, ಮಗಳಿಗೆ ಬಾಯಿ ತೆರೆಯಲು ಪುರುಸೊತ್ತಿಲ್ಲ. ಕೋಳಿ ಕೂಗದ, ನೆರೆಯವರು ಕಾಣದ ಊರಿನಲ್ಲಿ ಗೋಡೆಯ ಜೊತೆ ಮಾತಾಡಿ ಸಾಕಾಗಿ, ಕ್ರಿಸ್ಮಸ್ ಕಳೆದ ಕೂಡಲೇ ವಾಪಸು ಹೊರಡುತ್ತೇನೆ ಎಂದು ಲೋಲಾ ಹಟ ಹಿಡಿದಿದ್ದಳು. ಅಜ್ಜಿ ಹೋದರೆ ಕೂಸನ್ನು ನೋಡುವವರಿಲ್ಲ. ಕೂಸನ್ನೂ ಅವಳ ಜೊತೆಯೇ ಕಳಿಸಬೇಕು. ಲಿಗಾಯಾ ಹುಟ್ಟುವ ಮಕ್ಕಳಿಗಾಗಿ ದೇಶ ಬಿಟ್ಟು ಬಂದವಳು, ಈಗ ಹುಟ್ಟಿದ ಮಗಳನ್ನೇ ದೇಶಕ್ಕೆ ಕಳಿಸುವ ಹಾಗಾಗಿತ್ತು.

ಎರ್ನಿಯಣ್ಣ ಪರಿಹಾರ ಸೂಚಿಸಿದ. "ರೊಸಾರಿಯೊನ ಭಾಷೆ ನಿನ್ನ ತಾಯಿಯ ಭಾಷೆಗೆ ನೆರೆಮನೆಯದು. ಅವನನ್ನು ಅವಳ ಜೊತೆ ಮಾತಿಗೆ ಕೂರಿಸು."

ಲಿಗಾಯಾ ಬಂದು ಬೊನಿಯ ಕೈ ಹಿಡಿದು ಅತ್ತಳಂತೆ. "ನೀನು ಮಾತಾಡಿದರೆ ಅಮ್ಮ ಉಳಿಯಬಹುದು, ಮಗು ನನ್ನ ಹತ್ತಿರ ಇರಬಹುದು" ಎಂದಳಂತೆ. ಅಳುವ ಹೆಂಗಸಿನ ಮುಂದೆ ತಾನು ಶಿರ್ವದವನು ಎಂದು ಹೇಳುವಷ್ಟು ಕಟುಕ ಅವನಲ್ಲ. ಧೈರ್ಯಕ್ಕೆ ನನ್ನನ್ನು ಎಳೆದುಕೊಂಡು ಹೋದ.

ಲೋಲಾ ಕಿಟಕಿಯ ಬಳಿ ಕೋಟು ತೊಟ್ಟು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಬೊನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಎರಡೂ ತುಟಿಗಳನ್ನು ಮುಂದಕ್ಕೆ ಚಾಚಿದಳು. ಬೊನಿ ಹೌಹಾರಿ ನನ್ನ ಕಾಲು ತುಳಿದ.

"ಎಂತ ಇದು, ಮುತ್ತು ಕೊಡ್ಲಿಕ್ಕಾ?" ಎಂದು ಪಿಸುಗುಟ್ಟಿದ.

"ಅಮ್ಮ ಕೂತುಕೊಳ್ಳಿ ಎನ್ನುತ್ತಿದ್ದಾಳೆ, ಅಲ್ಲಿ ಕುರ್ಚಿ ಇದೆ" ಎಂದಳು ಕೆಲಸಕ್ಕೆ ಹೊರಟು ನಿಂತಿದ್ದ ಲಿಗಾಯಾ. ನಾವು ಬೆರಳಿನಲ್ಲಿ ತೋರಿಸುವುದನ್ನೆಲ್ಲ ಅವರು ತುಟಿಯಲ್ಲಿ ತೋರಿಸುತ್ತಾರೆಂದು ಅಂದು ಗೊತ್ತಾಯಿತು. ಬೊನಿ ಆಗಲಿ ಎಂಬಂತೆ ನಮ್ಮ ಕಡೆಯ ರೀತಿಯಲ್ಲಿ ಅಡ್ಡಡ್ಡ ತಲೆ ತೂಗಿದ. ಇವನಿಗೆ ಬೇಡವೇನೋ ಎಂದು ಲೋಲಾ ಇನ್ನೊಂದು ಕುರ್ಚಿಗೆ ತುಟಿ ಚಾಚಿದಳು. ಅದಕ್ಕೂ ಇವನು ತಲೆ ತೂಗಿದ. ಹೀಗೆ ಆ ಮನೆಯ ಪೀಠೋಪಕರಣಗಳೆಲ್ಲ ಒಂದು ಸುತ್ತು ಮುಗಿದವು. ಲಿಗಾಯಾಗೆ ಡ್ಯೂಟಿಯ ಹೊತ್ತಾಯಿತು, ಹೋದಳು.

"ಈಗ ಎಂತ ಮಾತಾಡುದು?" ಎಂದ ಬೊನಿ.

"ಏನಾದ್ರೂ ಮಾತಾಡಿ. ಸುಮ್ನೆ ಕೂತ್ರೆ ಸಿಕ್ಕಿಬೀಳ್ತೀರಿ."

ಬೊನಿ ಗಂಟಲು ಸರಿಮಾಡಿಕೊಂಡು ಬೂತಾಯಿ ಮೀನಿನಿಂದ ಶುರು ಮಾಡಿದ. ಮೊದಲು ಕನ್ನಡದಲ್ಲಿ, ಸ್ವಲ್ಪ ಬಿಸಿ ಏರಿದ ಮೇಲೆ ತುಳುವಿನಲ್ಲಿ, ಕೊನೆಗೆ ಮನೆಮಾತು ಕೊಂಕಣಿಯಲ್ಲಿ. ಲೋಲಾ ಕೇಳಿದಳು, ಕೇಳಿದಳು, ಆಮೇಲೆ ತಾನೂ ಆರಂಭಿಸಿದಳು. ಅವಳ ಕೈ ಗಾಳಿಯಲ್ಲಿ ಬಲೆ ಬೀಸಿತು, ದೋಣಿ ಮಗುಚಿತು, ಯಾರಿಗೋ ಕಪಾಳಕ್ಕೆ ಬಿತ್ತು. ಇಬ್ಬರೂ ತಪ್ಪು ಜಾಗದಲ್ಲಿ ನಗುತ್ತಿದ್ದರು, ಆದರೆ ಒಟ್ಟಿಗೆ ನಗುತ್ತಿದ್ದರು. ನಾನು ಕೂಸನ್ನು ಎತ್ತಿಕೊಂಡು ಕೂತು ಬಾಯಿ ಬಿಟ್ಟುಕೊಂಡು ನೋಡಿದೆ. ಎಲ್ಲರಿಗೂ ಎರಡು ಭಾಷೆ ಚೆನ್ನಾಗಿ ಬರುವ ನಮ್ಮ ಕನ್ನಡ ಸಂಘದ ಸಭೆಗಳಲ್ಲಿ ಇದರ ಕಾಲು ಭಾಗ ಮಾತುಕತೆ ನಡೆದದ್ದನ್ನು ನಾನು ಕಂಡಿಲ್ಲ.

ಕ್ರಿಸ್ಮಸ್ ಕಳೆಯಿತು, ಲೋಲಾ ಹೊರಡಲಿಲ್ಲ. ಹಿಮ ಕರಗಿದ ಮೇಲೆ ಹೋಗುತ್ತೇನೆ ಎಂದಳು. ಹಿಮ ಕರಗಿತು, ಈಸ್ಟರ್ ಆಗಲಿ ಎಂದಳು. ಬೊನಿ ದಿನಾ ಕೆಲಸದಿಂದ ಬಂದು ಮುಖ ತೊಳೆದು ಅಲ್ಲಿಗೆ ಹೋಗುತ್ತಿದ್ದ. ಇಗರ್ಜಿಯಲ್ಲಿ ಅವನಿಗೆ ದೊಡ್ಡ ಮನ್ನಣೆ. ಇತ್ತ ಅವನ ನಿದ್ದೆ ಹಾರಿಹೋಯಿತು.

"ಅಜ್ಜಿ ಅವರ ಸುಖ ದುಃಖ ಎಲ್ಲ ನನ್ನ ಹತ್ರ ಹೇಳ್ತಾರೆ. ನನಗೆ ಅರ್ಥ ಆಗ್ತದೆ ಅಂತ ನಂಬಿದ್ದಾರೆ. ಗೊತ್ತಾದ್ರೆ ಮರುದಿನವೇ ಹೊರಡ್ತಾರೆ, ಮಗುವೂ ಹೋಗ್ತದೆ. ಆ ತಾಯಿಯ ಮುಖ ನಾನು ಹೇಗೆ ನೋಡುದು?" ಎಂದು ನಮ್ಮ ಸೋಫಾದ ಮೇಲೆ ಕೂತು ಹಲುಬುತ್ತಿದ್ದ. ತೂಕವೂ ಇಳಿಯಿತು, ಅಷ್ಟೆಲ್ಲ ಸಾನ್ನ ತಿಂದರೂ.

ಕಪ್ಪುದಿನಗಳು ಬಂದವು, ಈಸ್ಟರಿನ ಮೊದಲು ಅವರು ಉಪವಾಸ ಮಾಡುವ ಕಾಲ. ಬೊನಿ ಪಾಪನಿವೇದನೆಗೆ ಹೋದ. ಪಾದ್ರಿಗಳು ವಯಸ್ಸಾದ ಐರಿಷ್ ಮನುಷ್ಯ, ಕಿವಿ ಸ್ವಲ್ಪ ಮಂದ.

"ಫಾದರ್, ನಾನು ಫಿಲಿಪಿನೋ."

"ಅದು ಪಾಪ ಅಲ್ಲ, ಮಗನೇ."

"ಅಲ್ಲ ಫಾದರ್, ನಾನು ಫಿಲಿಪಿನೋ ಅಲ್ಲ."

"ಅದೂ ಪಾಪ ಅಲ್ಲ. ನಾನೂ ಅಲ್ಲ."

ಕೊನೆಗೆ ಎಲ್ಲವನ್ನೂ ಕೇಳಿದ ಮೇಲೆ ಪಾದ್ರಿಗಳು ಬಹಳ ಹೊತ್ತು ಕೆಮ್ಮಿದರಂತೆ. ಅದು ಕೆಮ್ಮೋ ನಗುವೋ ಬೊನಿಗೆ ಗೊತ್ತಾಗಲಿಲ್ಲ. ಮಗುವಿನ ತಾಯಿಗೆ ನಿಜ ಹೇಳಿಬಿಡು, ಅದೇ ನಿನ್ನ ಪ್ರಾಯಶ್ಚಿತ್ತ ಎಂದರಂತೆ. ಶುಕ್ರವಾರ ಹೇಳುತ್ತೇನೆಂದು ಬೊನಿ ದಿನ ಗೊತ್ತುಮಾಡಿದ.

ಆ ಶುಕ್ರವಾರ ಸಂಜೆ ಅಪಾರ್ಟ್‌ಮೆಂಟಿನ ಬೆಂಕಿಯ ಗಂಟೆ ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡಿತು. ಎಲ್ಲರೂ ಚಪ್ಪಲಿಯಲ್ಲೇ ಪಾರ್ಕಿಂಗ್ ಲಾಟಿಗೆ ಓಡಿದೆವು. ಬೆಂಕಿ ಕಾಣಿಸಲಿಲ್ಲ, ವಾಸನೆ ಮಾತ್ರ ಇತ್ತು. ನಾನು ಹುಟ್ಟಿನಿಂದ ಸಸ್ಯಾಹಾರಿ, ಅದನ್ನು ವರ್ಣಿಸುವ ಯೋಗ್ಯತೆ ನನಗಿಲ್ಲ. ಶ್ರೀಲತಾ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು "ಏನ್ರೀ ಇದು, ನಾನಿಲ್ಲೇ ಬಿದ್ದುಹೋಗ್ತೀನಿ" ಎಂದಳು. ಎದುರು ಬ್ಲಾಕಿನ ಕೆಳಮನೆಯ ಮುದುಕ, ಮೇಲೆ ಯಾರೋ ಸತ್ತು ದಿನಗಳಾಗಿವೆ ಎಂದು ಪೊಲೀಸರಿಗೆ ಫೋನು ಮಾಡಿದ್ದ. ಬೆಂಕಿ ಆರಿಸುವವರು ಕೊಡಲಿ ಹಿಡಿದು ಬಂದರು, ಹಿಂದೆಯೇ ಪೊಲೀಸ್ ಕಾರು ಬಂತು, ಅದರ ಹಿಂದೆ ಮ್ಯಾನೇಜರ್ ಹೆಂಗಸು. ಈ ಗದ್ದಲದ ನಡುವೆ ಬೊನಿ ಒಬ್ಬ ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡ.

"ಒಣಮೀನು, ಮುರಳಿಯವ್ರೆ. ಅಮ್ಮ ಕಾಯಿಸಿದ ಹಾಗೆ ಉಂಟು" ಎಂದ.

ಅಷ್ಟರಲ್ಲಿ ಲೋಲಾ ಸೊಂಟದ ಮೇಲೆ ಕೂಸು, ಕೈಯಲ್ಲಿ ಸೌಟು ಹಿಡಿದು ಮೆಟ್ಟಿಲಿಳಿದು ಬಂದಳು. ಪೊಲೀಸಿನವನು ಏನೇನೋ ಕೇಳಿದ. ಅವಳು ತನ್ನ ಮನೆಯ ಕಡೆ ತುಟಿ ಚಾಚಿದಳು. ಎಲ್ಲಿದ್ದನೋ ಎರ್ನಿಯಣ್ಣ, ನುಗ್ಗಿ ಬಂದು ಬೊನಿಯನ್ನು ಮುಂದಕ್ಕೆ ತಳ್ಳಿದ.

"ಆಫೀಸರ್, ಇವನು ಕೇಳುತ್ತಾನೆ. ಇಬ್ಬರದೂ ಒಂದೇ ಕಡೆಯ ಭಾಷೆ."

ಇಡೀ ಅಪಾರ್ಟ್‌ಮೆಂಟು ಬೊನಿಯನ್ನು ನೋಡಿತು. ಅವನ ಹಣೆಯಲ್ಲಿ ಆ ಚಳಿಯಲ್ಲೂ ಬೆವರಿಳಿಯಿತು. ಲೋಲಾಳ ಕಡೆ ತಿರುಗಿ, ಶುದ್ಧ ಕನ್ನಡದಲ್ಲಿ ಹೇಳಿದ. "ಅಜ್ಜಿ, ಎಂತ ಸುಟ್ಟದ್ದು ಅಂತ ಕೇಳ್ತಿದ್ದಾರೆ. ನಿಮಗೆ ತೋಚಿದ್ದು ಹೇಳಿ. ದಮ್ಮಯ್ಯ, ಸ್ವಲ್ಪ ಉದ್ದ ಹೇಳಿ."

ಲೋಲಾ ಅವನ ತೋಳು ಹಿಡಿದುಕೊಂಡಳು. ಪೊಲೀಸಿನವನ ಮುಖಕ್ಕೆ ಸೌಟು ಆಡಿಸುತ್ತಾ ಮಾತಾಡಿದಳು. ನಡುವೆ ದನಿ ಏರಿತು, ಇಳಿಯಿತು, ಒಮ್ಮೆ ನಡುಗಿತು. ಬೆಂಕಿಯವರು ಟೋಪಿ ತೆಗೆದರು. ಅವಳು ನಿಲ್ಲಿಸಿದ ಮೇಲೆ ಎಲ್ಲರೂ ಬೊನಿಯ ಕಡೆ ನೋಡಿದರು.

"ಮೀನು ಅಂತ ಹೇಳ್ತಿದ್ದಾರೆ" ಎಂದ ಬೊನಿ.

"ಅಷ್ಟು ಉದ್ದದ ಮಾತಿಗೆ 'ಮೀನು' ಅಂತಷ್ಟೇ ಅರ್ಥವೇ?" ಎಂದ ಪೊಲೀಸಿನವನು.

"ಒಣಮೀನು, ಸರ್."

"ಅಮ್ಮ ಹೇಳಿದ್ದು ಅದಲ್ಲ" ಎಂದು ಹಿಂದಿನಿಂದ ಒಂದು ದನಿ ಬಂತು. ಲಿಗಾಯಾ ಆಸ್ಪತ್ರೆಯ ಉಡುಪಿನಲ್ಲೇ ನಿಂತಿದ್ದಳು. ಕಾರಿನ ಬಾಗಿಲನ್ನೂ ಮುಚ್ಚಿರಲಿಲ್ಲ.

ಪ್ರಾಯಶ್ಚಿತ್ತದ ಗಳಿಗೆ ಹೀಗೆ ಊರ ಮುಂದೆ ಬರುತ್ತದೆಂದು ಅವನು ಎಣಿಸಿರಲಿಲ್ಲ. "ಲಿಗಾಯಾ, ನನ್ನನ್ನು ಕ್ಷಮಿಸು. ನಾನು ಫಿಲಿಪಿನೋ ಅಲ್ಲ. ನಾನು ಶಿರ್ವದವನು" ಎಂದ.

"ಶಿರ್ವ. ನಾನು ಹೇಳಲಿಲ್ಲವೆ, ತೀರ ದಕ್ಷಿಣದ ದ್ವೀಪ" ಎಂದ ಎರ್ನಿಯಣ್ಣ.

"ದ್ವೀಪ ಅಲ್ಲ, ಇಂಡಿಯಾ. ನಿನ್ನ ತಾಯಿಯ ಒಂದು ಮಾತೂ ನನಗೆ ಇವತ್ತಿನವರೆಗೆ ಅರ್ಥ ಆಗಿಲ್ಲ. ನನ್ನ ಮೇಲಿನ ಸಿಟ್ಟಿಗೆ ಮಗುವನ್ನು ಕಳಿಸಬೇಡ." ಅವನು ಬಿಕ್ಕಿಬಿಕ್ಕಿ ಅತ್ತ. ಎರ್ನಿಯಣ್ಣ ಮಾತ್ರ ಪಕ್ಕದವನ ಕಿವಿಯಲ್ಲಿ, ಇಂಡಿಯಾಕ್ಕೂ ತಾನು ಹೋಗಿದ್ದೇನೆ, ಅದೂ ದ್ವೀಪವೇ ಎಂದು ಹೇಳುತ್ತಿದ್ದ.

ಲಿಗಾಯಾ ತಾಯಿಯನ್ನು ನೋಡಿದಳು, ಬೊನಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು. "ಅಮ್ಮ ಈಗ ಹೇಳಿದ್ದು ಇದು. 'ಇವನನ್ನು ಬೈಯಬೇಡಿ, ಮೀನು ಹುರಿದದ್ದು ನಾನು. ಇವನು ಹೇಳುವುದು ನನಗೆ ಒಂದಕ್ಷರ ಅರ್ಥವಾಗುವುದಿಲ್ಲ. ಇವನ ಭಾಷೆ ಆಡುವವರು ಈ ಊರಿನಲ್ಲಿ ಯಾರೂ ಇಲ್ಲ ಎಂದು ಕಾಣುತ್ತದೆ. ದಿನಾ ಬಂದು ಎಷ್ಟು ಆಸೆಯಿಂದ ಮಾತಾಡುತ್ತಾನೆ. ನಾನು ಹೊರಟುಹೋದರೆ ಇವನ ಮಾತು ಕೇಳುವವರು ಯಾರು ಎಂದು ನಾನು ಹೋಗದೆ ಉಳಿದಿದ್ದೇನೆ.'"

ಶ್ರೀಲತಾ ಮೂಗಿನ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಪೊಲೀಸಿನವನು ತನ್ನ ಬೂಟನ್ನೇ ನೋಡುತ್ತಾ ನಿಂತ. ನನಗೆ ಆ ಮುದುಕಿಯನ್ನು ನೋಡಿ ಕೈ ಮುಗಿಯಬೇಕೆನಿಸಿತು, ಮುಗಿದೂ ಮುಗಿದೆ.

ಲಿಗಾಯಾ ಬೊನಿ ಹೇಳಿದ್ದನ್ನೆಲ್ಲ ತಾಯಿಗೆ ಅವಳ ಭಾಷೆಯಲ್ಲಿ ತಿಳಿಸಿದಳು. ಲೋಲಾ ಪೂರ್ತಿ ಕೇಳಿದಳು. ಅಳುತ್ತಿದ್ದ ಬೊನಿಯನ್ನು ಮತ್ತೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಕೂಸನ್ನು ಅವನ ಕೈಗೆ ಕೊಟ್ಟು, ಮಗಳಿಗೆ ಏನೋ ಹೇಳಿ ಮೆಟ್ಟಿಲು ಹತ್ತಿದಳು.

"ಏನಂತೆ?" ಎಂದು ಬೊನಿ ಕೇಳಿದ.

"ನೀನು ನಮ್ಮವನೂ ಅಲ್ಲದಿದ್ದರೆ ಇನ್ನೂ ಒಂಟಿಯಂತೆ, ಪಾಪ" ಎಂದಳು ಲಿಗಾಯಾ, ಕಣ್ಣೊರೆಸಿಕೊಂಡು. "ಮುಂದಿನ ವರ್ಷವೂ ಅಮ್ಮ ಹೋಗುವ ಹಾಗಿಲ್ಲವಂತೆ."